ಕಿಲ್ವಾಕ್ಕೂ ಹೊನ್ನಾವರಕ್ಕೂ ಬೀಸುವ ಗಾಳಿ

ಸಭೆಯಲ್ಲಿರುವ ಹಿರಿಯರೇ, ಗೆಳೆಯರೇ, ನಮಸ್ಕಾರ.

ಪೂರ್ವ ಆಫ್ರಿಕಾದ ಸ್ವಾಹಿಲಿ ದ್ವೀಪಗಳಲ್ಲಿ ಕ್ಯಾಟಮರಾನ್ ಎಂಬ ಎರಡು ಒಡಲಿನ ಹಾಯಿದೋಣಿಯ ಪ್ರವಾಸ ಹೇಗಿರುತ್ತದೆ ಎಂದು ಹೇಳಲು ನನ್ನನ್ನು ಕರೆದಿದ್ದೀರಿ. ಪ್ರವಾಸದ ಜಾಹೀರಾತುಗಳು ಈ ದ್ವೀಪಗಳನ್ನು ಲೋಕದ ಅಂಚಿನಲ್ಲಿರುವ, ಯಾರೂ ಕಾಲಿಡದ ಜಾಗಗಳೆಂದು ಹೊಗಳುತ್ತವೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಡಾಂಬರು ರಸ್ತೆಯಲ್ಲಿ ಹೋಗುವವರಿಗೆ ಅವು ದೂರ, ನಿಜ. ಕಡಲಲ್ಲಿ ಹೋಗುವವರಿಗೆ ಅವು ಸಾವಿರ ವರ್ಷಗಳಿಂದ ಹೆದ್ದಾರಿಯ ಮೇಲೇ ಇವೆ. ಆ ಹೆದ್ದಾರಿ ನಮ್ಮ ಹೊನ್ನಾವರ, ಭಟ್ಕಳ, ಮಂಗಳೂರುಗಳನ್ನೂ ಮುಟ್ಟುತ್ತಿತ್ತು. ಹಾಯಿದೋಣಿಯಲ್ಲಿ ಹೋದವರಿಗೆ ಇದು ಯಾರೂ ಹೇಳದೆಯೇ ಅರ್ಥವಾಗುತ್ತದೆ. ವಿಮಾನದಲ್ಲಿ ಹೋಗಿ ರೆಸಾರ್ಟಿನಲ್ಲಿ ಇಳಿದವರಿಗೆ ಅಷ್ಟು ಸುಲಭವಾಗಿ ಆಗುವುದಿಲ್ಲ.

ಸ್ವಾಹಿಲಿ ಕರಾವಳಿ ಸೊಮಾಲಿಯಾದಿಂದ ಮೊಜಾಂಬಿಕ್‌ವರೆಗೆ ಹಬ್ಬಿದೆ. ನಾನು ಮಾತಾಡುವುದು ತಾಂಜಾನಿಯಾದ ದಕ್ಷಿಣ ಭಾಗದ ಬಗ್ಗೆ: ಮಾಫಿಯಾ ದ್ವೀಪ, ಅದರ ಪಕ್ಕದ ಚೋಲೆ, ಜುವಾನಿ, ಜಿಬೊಂಡೊ, ಕೆಳಗೆ ಸೊಂಗೊ ಸೊಂಗೊ, ಅದರಾಚೆ ಕಿಲ್ವಾ. ಇನ್ನೂ ದಕ್ಷಿಣಕ್ಕೆ ಮೊಜಾಂಬಿಕ್‌ನ ಕಿರಿಂಬಾಸ್ ದ್ವೀಪಗಳು ಬಹಳ ಚೆಂದ. ಆದರೆ ಆ ಕಾಬೊ ಡೆಲ್ಗಾಡೊ ಪ್ರಾಂತದಲ್ಲಿ 2017ರ ಅಕ್ಟೋಬರ್‌ನಿಂದ ಸಶಸ್ತ್ರ ದಂಗೆ ನಡೆದಿದೆ, ಜನ ಊರು ಬಿಟ್ಟು ಓಡಿದ್ದಾರೆ. ಅಲ್ಲಿಗೆ ರಜೆ ಕಳೆಯಲು ಹೋಗಿ ಎಂದು ಯಾರಿಗೂ ಹೇಳಲು ನನಗೆ ಮನಸ್ಸಿಲ್ಲ.

ಕ್ಯಾಟಮರಾನೇ ಏಕೆ? ಒಂದೇ ಒಡಲಿನ ಹಾಯಿನೌಕೆ ಮಗುಚದಿರಲು ಅಡಿಯಲ್ಲಿ ಕೀಲ್ ಎಂಬ, ನೀರಿನಾಳಕ್ಕೆ ಚಾಚಿದ ಭಾರದ ಭಾಗ ಬೇಕು. ಹಾಗಾಗಿ ಅದು ತೇಲಲು ಸಾಮಾನ್ಯವಾಗಿ ಸುಮಾರು ಎರಡು ಮೀಟರ್ ಆಳ ಬೇಕು. ಎರಡು ಒಡಲಿನ ಕ್ಯಾಟಮರಾನ್ ತನ್ನ ಅಗಲದ ಬಲದಿಂದಲೇ ನಿಲ್ಲುತ್ತದೆ. ನಲವತ್ತು ಅಡಿಯ ದೋಣಿಗೂ ಸುಮಾರು 1.2 ಮೀಟರ್ ನೀರು ಸಾಕು. ಹವಳದ ದಿಬ್ಬಗಳ ನಡುವೆ, ಮರಳಿನ ತಿಟ್ಟಿನ ಪಕ್ಕದಲ್ಲಿ ನಡೆಯಬೇಕಾದ ಈ ಕಡಲಿಗೆ ಅದು ಹೇಳಿ ಮಾಡಿಸಿದ ದೋಣಿ. ಕೊರತೆಯೂ ಇದೆ. ಗಾಳಿಗೆ ಎದುರಾಗಿ ಓರೆಯಾಗಿ ಏರಿಹೋಗುವುದರಲ್ಲಿ ಅದು ಒಂಟಿ ಒಡಲಿನಷ್ಟು ಚುರುಕಲ್ಲ. ಅಲ್ಲಿನ ಮೀನುಗಾರರು ಇದೇ ಉಪಾಯವನ್ನು ತಮ್ಮ ರೀತಿಯಲ್ಲಿ ಮಾಡಿಕೊಂಡಿದ್ದಾರೆ. ಅವರ ನ್ಗಲಾವ ಎಂಬ ದೋಣಿಯದು ಮಾವಿನ ಮರದ ಬೊಡ್ಡೆ ತೋಡಿದ ಸಪೂರ ಒಡಲು, ಎರಡೂ ಬದಿಗೆ ಚಾಚಿದ ತೇಲುಹಲಗೆ, ಮೇಲೆ ಮೂರು ಮೂಲೆಯ ಹಾಯಿ. ಈ ಚಾಚುಹಲಗೆಯ ವಿದ್ಯೆ ಆಗ್ನೇಯ ಏಷ್ಯಾದ ದ್ವೀಪಗಳಿಂದ ಮಡಗಾಸ್ಕರ್‌ಗೆ ವಲಸೆ ಬಂದವರ ಜೊತೆ ಬಂತೆಂದು ವಿದ್ವಾಂಸರು ಹೇಳುತ್ತಾರೆ.

ಇನ್ನು ಗಾಳಿ. ನನಗೆ ಎಲ್ಲಕ್ಕಿಂತ ಪ್ರೀತಿಯ ವಿಷಯ ಇದು. ಅಲ್ಲಿ ವರ್ಷಕ್ಕೆ ಎರಡು ಗಾಳಿ. ಸುಮಾರು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವುದು ಕಸ್ಕಾಜಿ. ಮಾರ್ಚ್ ಕಳೆದ ಮೇಲೆ ಮಸಿಕಾ ಎಂಬ ದೊಡ್ಡ ಮಳೆ. ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ವರೆಗೆ ದಕ್ಷಿಣದಿಂದ ಕುಸಿ ಗಾಳಿ. ಈ ಕುಸಿಯೇ ಭೂಮಧ್ಯರೇಖೆ ದಾಟಿ, ಬಲಕ್ಕೆ ತಿರುಗಿ, ಅರಬ್ಬಿ ಕಡಲ ಮೇಲೆ ನೀರು ಹೀರಿ ಜೂನ್ ತಿಂಗಳಲ್ಲಿ ನಮ್ಮ ಮನೆಯಂಗಳಕ್ಕೆ ಬರುವ ಮುಂಗಾರು. ಕಿಲ್ವಾದ ಮೀನುಗಾರನ ಹಾಯಿ ತುಂಬಿದ ಗಾಳಿಯೇ ಆಗುಂಬೆಯ ಗುಡ್ಡಕ್ಕೆ ಮಳೆ ತರುತ್ತದೆ ಎನ್ನುವುದು ಕವಿಸಮಯವಲ್ಲ, ವಸ್ತುಸ್ಥಿತಿ.

ಗಾಳಿಯ ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು ವಾಸ್ಕೋ ಡ ಗಾಮನ ಪ್ರಯಾಣ ನೋಡಬೇಕು. 1498ರ ಏಪ್ರಿಲ್‌ನಲ್ಲಿ ಆತ ಇಂದಿನ ಕೆನ್ಯಾದ ಮಾಲಿಂದಿಯಲ್ಲಿ ಒಬ್ಬ ಅನುಭವಿ ನಾವಿಕನನ್ನು ಹತ್ತಿಸಿಕೊಂಡು ಹೊರಟ. ನಾಲ್ಕು ವಾರದೊಳಗೆ ಕಲ್ಲಿಕೋಟೆಯ ಬಳಿ ಇದ್ದ. ಹಿಂತಿರುಗುವಾಗ ಕಾಯುವ ತಾಳ್ಮೆ ಇರಲಿಲ್ಲ. ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಿಂದ ಅಕ್ಟೋಬರ್ ಮೊದಲಲ್ಲೇ, ಅನುಕೂಲದ ಗಾಳಿ ಹುಟ್ಟುವ ಮುಂಚೆ, ಹೊರಟುಬಿಟ್ಟ. ಆಫ್ರಿಕಾದ ಕರಾವಳಿ ಕಂಡದ್ದು 1499ರ ಜನವರಿಯಲ್ಲಿ. ನಾಲ್ಕು ವಾರದ ದಾರಿಗೆ ಮೂರು ತಿಂಗಳು. ಒಸಡು ಕೊಳೆಯುವ ಸ್ಕರ್ವಿ ರೋಗದಿಂದ ಎಷ್ಟು ಜನ ಸತ್ತರೆಂದರೆ, ಉಳಿದವರು ಮೂರು ಹಡಗು ನಡೆಸಲಾರದೆ ಸಾವ್ ರಫಾಯೆಲ್ ಎಂಬ ಹಡಗನ್ನು ಸುಟ್ಟು ಮುಂದೆ ಹೋದರು. ನಮ್ಮ ಪತ್ತೆಮಾರಿ ಹಾಯಿಹಡಗಿನವರಿಗೂ ಸ್ವಾಹಿಲಿ ನಾವಿಕರಿಗೂ ಯಾವಾಗ ಹೊರಡಬೇಕು, ಯಾವಾಗ ದೋಣಿಯನ್ನು ದಡಕ್ಕೆಳೆದು ಸುಮ್ಮನಿರಬೇಕು ಎನ್ನುವುದು ಚೆನ್ನಾಗಿ ಗೊತ್ತಿತ್ತು.

ಇಂದಿನ ಪ್ರವಾಸಿಗೂ ಅದೇ ನಿಯಮ. ಮಾಫಿಯಾದಿಂದ ಕಿಲ್ವಾಕ್ಕೆ ಸುಮಾರು ಅರವತ್ತು ನಾಟಿಕಲ್ ಮೈಲಿ. ಆ ಕರಾವಳಿಯ ಪ್ರವಾಹ ಉತ್ತರಮುಖಿ. ಜುಲೈನಲ್ಲಿ ದಕ್ಷಿಣಕ್ಕೆ ಹೊರಟರೆ ಗಾಳಿಯೂ ಎದುರು, ಪ್ರವಾಹವೂ ಎದುರು. ಎಂಜಿನ್ನಿನ ಸದ್ದು ಕೇಳುತ್ತಾ, ವಾಂತಿ ಮಾಡುತ್ತಾ ರಜೆ ಮುಗಿಯುತ್ತದೆ. ಕುಸಿ ಕಾಲದಲ್ಲಿ ಕಿಲ್ವಾದಿಂದ ಉತ್ತರಕ್ಕೆ ಬನ್ನಿ. ಕಸ್ಕಾಜಿ ಕಾಲದಲ್ಲಿ ಮಾಫಿಯಾದಿಂದ ಕೆಳಗಿಳಿಯಿರಿ. ತಿಮಿಂಗಿಲ ಶಾರ್ಕ್ ನೋಡುವ ಆಸೆಯಿದ್ದರೆ ಎರಡನೆಯದೇ ಸರಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅವು ಮಾಫಿಯಾದ ಪಶ್ಚಿಮಕ್ಕೆ, ಕಿಲಿಂಡೋನಿ ಪಟ್ಟಣದ ಎದುರಿಗೆ ಬರುತ್ತವೆ.

ಗಾಳಿಯಷ್ಟೇ ಮುಖ್ಯ ಉಬ್ಬರ ಇಳಿತ. ಮಂಗಳೂರಿನಲ್ಲಿ ಆ ಅಂತರ ಎರಡು ಮೀಟರ್‌ಗೂ ಕಡಿಮೆ. ಅಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಸುಮಾರು ನಾಲ್ಕು ಮೀಟರ್! ಬೆಳಿಗ್ಗೆ ದೋಣಿ ನಿಂತ ಜಾಗದಲ್ಲಿ ಮಧ್ಯಾಹ್ನ ಹೆಂಗಸರು ಕೋಲು ಹಿಡಿದು ಹವಳದ ಸಂದಿಯಲ್ಲಿ ಆಕ್ಟೋಪಸ್ ಹುಡುಕುತ್ತಿರುತ್ತಾರೆ. ಚೋಲೆ ಕೊಲ್ಲಿಗೆ ಹೊರಗಡಲಿನಿಂದ ಒಳಬರುವ ಕಿನಾಸಿ ಎಂಬ ಇಕ್ಕಟ್ಟಾದ ಬಾಯಿ ಇದೆ. ಕೊಲ್ಲಿಯ ನೀರೆಲ್ಲ ಅದರೊಳಗಿಂದ ನುಗ್ಗಿ ಹೊರಹೋಗುವಾಗ ಎದುರಿನಿಂದ ಅಲೆ ಬಂದರೆ ಅಲ್ಲಿ ಕಡಲು ಕುದಿಯುತ್ತದೆ. ಒಳಗೆ ಬರಬೇಕಾದರೆ ಉಬ್ಬರಕ್ಕೆ ಕಾಯಬೇಕು. ನಮ್ಮ ಅಳಿವೆಗಳಲ್ಲಿ ದೋಣಿ ದಾಟಿಸಿದ ಮೊಗವೀರರಿಗೆ, ಖಾರ್ವಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರೊಳಗೆ ಹೋಗೋಣ. ಚೋಲೆ ಪುಟ್ಟ ದ್ವೀಪ. ಜರ್ಮನ್ ಆಳ್ವಿಕೆಯ ಕಾಲದ ಕಟ್ಟಡಗಳ ಗೋಡೆಗಳನ್ನು ಅತ್ತಿ ಜಾತಿಯ ಮರಗಳ ಬೇರು ಬಿಗಿದು ಹಿಡಿದಿದೆ. ದೊಡ್ಡ ಮರಗಳಲ್ಲಿ ಹಣ್ಣುಬಾವಲಿಗಳು ತಲೆಕೆಳಗಾಗಿ ತೂಗುತ್ತವೆ. ಮಡಲು ಹೊದಿಸಿದ ಮನೆಗಳು. ಹೊಸ್ತಿಲ ಹೊರಗೆ ನಿಂತು ‘ಹೋಡಿ’ ಎಂದು ಕೂಗಬೇಕು. ಒಳಗಿನಿಂದ ‘ಕರಿಬು’ ಎಂಬ ಉತ್ತರ ಬಂದ ಮೇಲೆ ಮಾತ್ರ ಹೆಜ್ಜೆ ಇಡುವುದು. ಹಿರಿಯರು ಎದುರಾದರೆ ‘ಶಿಕಮೂ’ ಎನ್ನಬೇಕು. ಅವರು ‘ಮರಹಬಾ’ ಎಂದು ಒಪ್ಪಿಸಿಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಹೆಂಗಸರು ಕಾಯಿ ತುರಿಯುವುದು ನಮ್ಮ ತುರಿಮಣೆಯಂಥದೇ ಮಣೆಯ ಮೇಲೆ ಕೂತು. ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ, ತೆಂಗಿನಹಾಲಿನದೇ ಮೀನುಸಾರು. ಜಿಬೊಂಡೊದಲ್ಲಿ ಇಂದಿಗೂ ಮರದ ಹಡಗು ಕಟ್ಟುವವರಿದ್ದಾರೆ. ಹಿಂದಿನ ಕಾಲದಲ್ಲಿ ಈ ಕರಾವಳಿಯಲ್ಲಿ ಮ್ತೆಪೆ ಎಂಬ ಹಡಗು ಇತ್ತು. ಹಲಗೆಗೆ ಹಲಗೆ ಸೇರಿಸಲು ಮೊಳೆ ಬಳಸದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ನಮ್ಮ ಪಶ್ಚಿಮ ಕರಾವಳಿಯಲ್ಲೂ ಹೊಲಿದ ದೋಣಿಗಳಿದ್ದವು.

ಕಿಲ್ವಾದ ಹಳೆಯ ಊರಿದ್ದ ದ್ವೀಪ ಕಿಲ್ವಾ ಕಿಸಿವಾನಿಗೆ ಬಂದರೆ ನಾನು ಆಗಲೇ ಹೇಳಿದ ಹೆದ್ದಾರಿ ಕಣ್ಣಿಗೇ ಕಾಣುತ್ತದೆ. ಇಂದಿನ ಮೊಜಾಂಬಿಕ್‌ನಲ್ಲಿರುವ ಸೊಫಾಲಾದ ಚಿನ್ನದ ವ್ಯಾಪಾರದಿಂದ ಬೆಳೆದ ಊರು. ಹವಳದ ಕಲ್ಲಿನಿಂದ ಕಟ್ಟಿದ ಮಹಾ ಮಸೀದಿಯ ಹಳೆಯ ಭಾಗ 11ನೇ ಶತಮಾನದ್ದು. ದಿಬ್ಬದ ಮೇಲೆ ಹುಸುನಿ ಕುಬ್ವಾ ಅರಮನೆ, ಅದರೊಳಗೆ ಎಂಟು ಮೂಲೆಯ ಕೊಳ. 1331ರಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದು, ಇಷ್ಟು ಸುಂದರವಾದ ಊರುಗಳು ಕಡಿಮೆ ಎಂದು ಬರೆದ. ಅದೇ ಯಾನದಲ್ಲಿ ಮೊಗದಿಶುವಿನಲ್ಲಿ ಅವನಿಗೆ ಬಡಿಸಿದ್ದು ತುಪ್ಪದ ಅನ್ನ, ಹಾಲಲ್ಲಿ ಬೇಯಿಸಿದ ಬಾಳೆಕಾಯಿ, ನಿಂಬೆ ಉಪ್ಪಿನಕಾಯಿ, ಹಸಿಶುಂಠಿ, ಮಾವಿನಕಾಯಿ. ಮುಂದೆ 1340ರ ದಶಕದಲ್ಲಿ ಅವನು ಹೊನ್ನಾವರಕ್ಕೂ ಬಂದ, ಅಲ್ಲಿ ಹೆಣ್ಣುಮಕ್ಕಳಿಗೆಂದೇ ಹದಿಮೂರು ಪಾಠಶಾಲೆಗಳಿದ್ದವೆಂದು ದಾಖಲಿಸಿದ.

ಕಿಲ್ವಾ, ಹೊನ್ನಾವರ ಎರಡೂ ಊರುಗಳ ದುರ್ದೆಸೆ ಒಂದೇ ವರ್ಷದಲ್ಲಿ, ಒಂದೇ ಕೈಯಿಂದ ಬಂತು. 1505ರ ಜುಲೈನಲ್ಲಿ ಫ್ರಾನ್ಸಿಸ್ಕೊ ಡಿ ಅಲ್ಮೇಡಾನ ಪೋರ್ಚುಗೀಸ್ ಹಡಗುಪಡೆ ಕಿಲ್ವಾವನ್ನು ಹಿಡಿದು ಲೂಟಿ ಮಾಡಿತು, ಆಗಸ್ಟ್‌ನಲ್ಲಿ ಮೊಂಬಾಸಾಕ್ಕೆ ಬೆಂಕಿಯಿಟ್ಟಿತು. ಆಮೇಲೆ ಅದೇ ಗಾಳಿ ಹಿಡಿದು ಸೆಪ್ಟೆಂಬರ್‌ಗೆ ಅಂಜದೀವ್, ಅಕ್ಟೋಬರ್‌ಗೆ ಹೊನ್ನಾವರ. ಶರಾವತಿಯ ಅಳಿವೆಯಲ್ಲಿ ನಿಂತಿದ್ದ ಹಡಗುಗಳನ್ನು ಸುಟ್ಟಿತು. ನಮ್ಮ ಶಾಲಾಪುಸ್ತಕಗಳಲ್ಲಿ ಈ ಎರಡು ಘಟನೆಗಳನ್ನು ಜೊತೆಯಾಗಿ ಓದಿದ ನೆನಪು ನನಗಿಲ್ಲ. ಜೊತೆಯಾಗಿಯೇ ಓದಬೇಕು.

ಈ ಗಾಳಿ ಮನುಷ್ಯರನ್ನೂ ಸಾಗಿಸಿತು. 19ನೇ ಶತಮಾನದಲ್ಲಿ, ದ್ವೀಪದಿಂದ ಉತ್ತರಕ್ಕೆ ಮುಖ್ಯನೆಲದ ದಡದಲ್ಲಿರುವ ಕಿಲ್ವಾ ಕಿವಿಂಜೆ ಗುಲಾಮರ ವ್ಯಾಪಾರದ ದೊಡ್ಡ ರೇವಾಗಿತ್ತು. ಜಂಜಿಬಾರ್‌ನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಜನರ ಪೂರ್ವಿಕರಲ್ಲಿ ಹೆಚ್ಚಿನವರನ್ನು ಇದಕ್ಕೂ ಹಿಂದಿನ ಶತಮಾನಗಳಲ್ಲಿ ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ತಂದದ್ದು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಕಿವಿಂಜೆಯ ಕಡಲತಡಿಯಲ್ಲಿ ನಿಂತ ಕನ್ನಡಿಗರು ಅವರನ್ನು ನೆನೆಯದೆ ಬರಬಾರದು ಎಂದು ನನ್ನ ಬಲವಾದ ಅಭಿಪ್ರಾಯ.

ಹೋಗುವವರಿಗೆ ಕೆಲವು ಮಾತು. ಲಂಗರನ್ನು ಮರಳಿನ ಮೇಲೇ ಹಾಕಿಸಿ. ಹವಳದ ಮೇಲೆ ಬಿದ್ದ ಸರಪಳಿ ಒಂದು ರಾತ್ರಿಯಲ್ಲಿ ಮಾಡುವ ಹಾನಿ ತುಂಬಲು ದಶಕಗಳು ಬೇಕು. ಮಾಫಿಯಾದ ಕಡಲು 1995ರಿಂದ ಸಂರಕ್ಷಿತ ಸಾಗರ ಉದ್ಯಾನ, ಅದರ ಶುಲ್ಕವನ್ನು ಚೌಕಾಸಿ ಮಾಡದೆ ಕಟ್ಟಿ. ಊರಿಗೆ ಇಳಿಯುವಾಗ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಕೇಳದೆ ಫೋಟೊ ತೆಗೆಯಬೇಡಿ. ಮೀನು, ಎಳನೀರು, ಚಪಾತಿ ಎಲ್ಲವನ್ನೂ ಊರಿನಲ್ಲೇ ಕೊಳ್ಳಿ, ಅವರು ಹೇಳಿದ ನ್ಯಾಯವಾದ ಬೆಲೆಗೆ ಕೊಳ್ಳಿ. ಮಕ್ಕಳಿಗೆ ಮಿಠಾಯಿ ಎಸೆಯುವ ಚಾಳಿ ಬೇಡವೇ ಬೇಡ.

ಕಿಲ್ವಾಕ್ಕೆ ಎರಡು ಪೂರ್ತಿ ದಿನ ಇಡಿ. ಪರವಾನಗಿಯನ್ನು ಎದುರುದಡದ ಕಿಲ್ವಾ ಮಸೋಕೊದಲ್ಲಿ ಮಾಡಿಸಬೇಕು, ಊರಿನ ಮಾರ್ಗದರ್ಶಿಯನ್ನು ಜೊತೆಗೆ ಕರೆದುಕೊಳ್ಳಬೇಕು. ಮೊದಲ ದಿನ ಮಸೀದಿ, ಅರಮನೆ. ಎರಡನೆಯ ದಿನ ನೀರು ಏರಿರುವಾಗ ಕಾಂಡ್ಲಾ ಕಾಡಿನ ನಡುವೆ ಸೊಂಗೊ ಮ್ನಾರಾಕ್ಕೆ ಹೋಗಿ. 1981ರಲ್ಲಿ ಕಿಲ್ವಾದ ಜೊತೆಗೇ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಳೆಯ ಪಟ್ಟಣ ಅದು. ಅಲ್ಲಿಗೆ ಹೋಗುವವರು ಕಡಿಮೆ. ನೀರು ಇಳಿಯತೊಡಗುವ ಮುಂಚೆ ದೋಣಿಗೆ ಮರಳಿಬಿಡಿ, ಇಲ್ಲವಾದರೆ ಕೆಸರಿನಲ್ಲಿ ಬಹಳ ದೂರ ನಡೆಯಬೇಕಾಗುತ್ತದೆ.

ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.