ಬೀಗದ ಕೈ ಪೆಟ್ಟಿಗೆಯೊಳಗೆ

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸಂಸ್ಥೆಯ ಸರ್ವರ್ ಕೆಟ್ಟು ನಿಂತಾಗ ನನ್ನನ್ನು ಕರೆಸಿದ್ದರು. ಕಪಾಟು ತೆರೆದರೆ ಸರ್ವರಿನ ಮಾಹಿತಿಯನ್ನು ನಕಲು ಮಾಡಿಟ್ಟ ಹದಿನಾಲ್ಕು ಟೇಪುಗಳು, ಒಂದೊಂದರ ಬೆನ್ನಿನ ಮೇಲೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ದಿನಾಂಕ. ನೋಡಿ ಕಣ್ಣು ತಂಪಾಯಿತು. ಆದರೆ ಯಾವ ಕಡತ ಯಾವ ಟೇಪಿನಲ್ಲಿದೆ ಎಂದು ಹೇಳುವ ಕ್ಯಾಟಲಾಗ್ ಇದ್ದದ್ದು ಸತ್ತುಹೋದ ಸರ್ವರಿನಲ್ಲೇ! ಹದಿನಾಲ್ಕನ್ನೂ ಮೊದಲಿನಿಂದ ಓದಿಸಿ ಕ್ಯಾಟಲಾಗನ್ನು ಹೊಸದಾಗಿ ಕಟ್ಟುವಷ್ಟರಲ್ಲಿ ನಾಲ್ಕು ದಿನ ಹೋಯಿತು.

ಅಂದಿನಿಂದ ಯಾರಾದರೂ ಹೀಗೆ ನಕಲು ತೆಗೆದಿಡುವ ಬ್ಯಾಕಪ್ ತಂತ್ರಾಂಶದ ಬಗ್ಗೆ ಕೇಳಿದರೆ, ಅದು ಹೇಗೆ ನಕಲು ಮಾಡುತ್ತದೆ ಎಂದು ನಾನು ವಿಚಾರಿಸುವುದಿಲ್ಲ. ಖಾಲಿ ಯಂತ್ರವೊಂದನ್ನು ಎದುರಿಗಿಟ್ಟರೆ ಅದರ ಮೇಲೆ ಇಡೀ ಸರ್ವರನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತದೆಯೇ? ಅಷ್ಟು ಸಾಕು. ಖರೀದಿಗೆ ಮುನ್ನ, ಪರೀಕ್ಷಾ ಅವಧಿಯಲ್ಲೇ ಇದನ್ನು ಮಾಡಿ ನೋಡಬೇಕು. ಹಾಗೆಯೇ, ಡೇಟಾಬೇಸ್ ಚಾಲನೆಯಲ್ಲಿರುವಾಗಲೇ ಅದರ ಸುಸಂಗತ ಪ್ರತಿ ತೆಗೆಯಲು ಬರುತ್ತದೆಯೇ ನೋಡಿ. ಅರ್ಧ ಬರೆದ ಲೆಕ್ಕದ ಕಡತವನ್ನು ಟೇಪಿಗೆ ಕಳಿಸಿ ಪ್ರಯೋಜನವಿಲ್ಲ. ಕ್ಯಾಟಲಾಗಿನ ಒಂದು ಪ್ರತಿ ಬೇರೆಡೆ ಇರಲೇಬೇಕು. ಈಗಿನ ಕೆಲವು ತಂತ್ರಾಂಶಗಳು ಡಿಸ್ಕ್ ಮತ್ತು ಕ್ಲೌಡ್ ಬಿಟ್ಟು ಟೇಪಿನತ್ತ ತಿರುಗಿಯೂ ನೋಡುವುದಿಲ್ಲ, ಅದನ್ನೂ ಕೇಳಿಕೊಳ್ಳಿ. ಕೈಯಲ್ಲಿ ತಿಳಿದವರೊಬ್ಬರಿದ್ದರೆ ಬಕುಲಾ, ಬೇರಿಯೋಸ್, ಅಮಾಂಡಾದಂಥ ಮುಕ್ತ ತಂತ್ರಾಂಶಗಳು ಟೇಪನ್ನು ಚೆನ್ನಾಗಿ ನಿಭಾಯಿಸುತ್ತವೆ. ಇಲ್ಲವಾದರೆ ಹಣ ಕೊಟ್ಟು, ಕರೆದಾಗ ಓಗೊಡುವ ಕಂಪನಿಯದನ್ನು ಕೊಳ್ಳುವುದೇ ಅಗ್ಗ.

ಇನ್ನು ಟೇಪನ್ನು ಓದಿ ಬರೆಯುವ ಯಂತ್ರ, ಅಂದರೆ ಡ್ರೈವ್. ಇಂದು ಟೇಪ್ ಎಂದರೆ ಬಹುಮಟ್ಟಿಗೆ ಎಲ್‌ಟಿಒ ಎಂಬ ಮಾದರಿಯದು. 2000ರಲ್ಲಿ ಮೊದಲ ಪೀಳಿಗೆ ಬಂದಾಗ ಒಂದು ಕಾರ್ಟ್ರಿಡ್ಜಿನಲ್ಲಿ 100 ಗಿಗಾಬೈಟ್ ಹಿಡಿಸುತ್ತಿತ್ತು. ಎಂಟನೆಯ ಪೀಳಿಗೆಯಲ್ಲಿ 12 ಟೆರಾಬೈಟ್, ಒಂಬತ್ತನೆಯದರಲ್ಲಿ 18. ಒಂಬತ್ತನೆಯದರ ಪ್ರಚಾರದಲ್ಲಿ 45 ಎಂದು ಕಂಡರೆ ಹಿಗ್ಗಬೇಡಿ. ಮಾಹಿತಿ ಎರಡೂವರೆ ಪಟ್ಟು ಕುಗ್ಗುತ್ತದೆ ಎಂಬ ಊಹೆಯ ಲೆಕ್ಕ ಅದು. ಫೋಟೊ, ವಿಡಿಯೊಗಳು ಮೊದಲೇ ಕುಗ್ಗಿ ಕುಳಿತಿರುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ಮಾತು: ಏಳನೆಯ ಪೀಳಿಗೆಯವರೆಗಿನ ಡ್ರೈವುಗಳು ತಮಗಿಂತ ಎರಡು ಪೀಳಿಗೆ ಹಿಂದಿನ ಟೇಪನ್ನೂ ಓದುತ್ತಿದ್ದವು. ಎಂಟು, ಒಂಬತ್ತನೆಯವು ಒಂದೇ ಪೀಳಿಗೆ ಹಿಂದಿನದನ್ನು ಓದುತ್ತವೆ. ಏಳನೆಯ ಪೀಳಿಗೆಯ ಟೇಪುಗಳನ್ನು ಇಟ್ಟುಕೊಂಡವರು ಒಂಬತ್ತನೆಯ ಡ್ರೈವ್ ತಂದರೆ ಹಳೆಯದೆಲ್ಲ ಮೂಕವಾಗುತ್ತದೆ.

ವೇಗ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಎಂಟನೆಯ ಪೀಳಿಗೆಯ ಡ್ರೈವ್ ಸೆಕೆಂಡಿಗೆ 360 ಮೆಗಾಬೈಟ್‌ವರೆಗೆ ನುಂಗಬಲ್ಲದು. ಒಂದು ಗಿಗಾಬಿಟ್ ನೆಟ್‌ವರ್ಕ್ ತಂದುಕೊಡುವುದು ನೂರರ ಆಸುಪಾಸು. ತುತ್ತು ತಡವಾದರೆ ಡ್ರೈವ್ ನಿಧಾನಿಸುತ್ತದೆ. ಅದಕ್ಕೂ ಒಂದು ಮಿತಿ ಇದೆ. ಮಿತಿಗಿಂತ ಕೆಳಗಿಳಿದರೆ ಟೇಪ್ ನಿಲ್ಲುತ್ತದೆ, ಹಿಂದಕ್ಕೆ ಸುತ್ತುತ್ತದೆ, ಮತ್ತೆ ಮುಂದಕ್ಕೆ ಓಡುತ್ತದೆ. ಪಕ್ಕದಲ್ಲಿ ನಿಂತರೆ ಗುಂಯ್ ಎಂದು ಎದ್ದು, ಉಸಿರು ಕಟ್ಟಿ, ಮತ್ತೆ ಗುಂಯ್ ಎನ್ನುವ ಸದ್ದು ಕೇಳಿಸುತ್ತದೆ. ಬೂಟಿಗೆ ಪಾಲಿಶ್ ಹಾಕುವವನ ಕೈಯಂತೆ ಹಿಂದೆ ಮುಂದೆ ಆಡುತ್ತ ಟೇಪೂ ಸವೆಯುತ್ತದೆ, ಅದನ್ನು ಓದಿ ಬರೆಯುವ ಹೆಡ್ಡೂ ಸವೆಯುತ್ತದೆ. ಮೊದಲು ವೇಗದ ಡಿಸ್ಕಿಗೆ ನಕಲು ತೆಗೆದು, ಅಲ್ಲಿಂದ ಒಂದೇ ಓಟದಲ್ಲಿ ಟೇಪಿಗೆ ಸುರಿಯುವುದು ಇದಕ್ಕೆ ಮದ್ದು. 12 ಟೆರಾಬೈಟ್ ತುಂಬಲು ಪೂರ್ಣ ವೇಗದಲ್ಲೂ ಒಂಬತ್ತು ಗಂಟೆಗೂ ಮಿಕ್ಕಿ ಬೇಕು ಎಂಬುದು ನೆನಪಿರಲಿ.

ನಿಮ್ಮ ಮಾಹಿತಿ ಒಂದೆರಡು ಟೆರಾಬೈಟ್ ದಾಟದಿದ್ದರೆ ಟೇಪ್ ಬೇಡ ಎಂದೇ ಹೇಳುತ್ತೇನೆ; ಡ್ರೈವಿನ ಬೆಲೆ ಹೊರೆ, ಬದಲಾಯಿಸಿ ಇಡುವ ನಾಲ್ಕು ಹಾರ್ಡ್ ಡಿಸ್ಕ್ ಸಾಕು. ಅದಕ್ಕೂ ಮೇಲ್ಪಟ್ಟರೆ ಟೇಪಿಗೆ ಸಾಟಿಯಿಲ್ಲ. ಹೊರತೆಗೆದು ಕಪಾಟಿನಲ್ಲಿಟ್ಟ ಟೇಪನ್ನು ಯಾವ ವೈರಸ್ಸೂ ಮುಟ್ಟಲಾರದು. 2011ರಲ್ಲಿ ತಂತ್ರಾಂಶದ ದೋಷವೊಂದು ಒಂದಷ್ಟು ಜಿಮೇಲ್ ಖಾತೆಗಳ ಪತ್ರಗಳನ್ನು ಅಳಿಸಿಹಾಕಿದಾಗ ಗೂಗಲ್ ಅವನ್ನು ಮರಳಿ ತಂದದ್ದು ಟೇಪಿನಿಂದಲೇ.

ಮೊದಲು ಹೇಳಿದೆನಲ್ಲ, ಆ ಸಂಸ್ಥೆಯವರು ಈಗ ಪ್ರತಿ ತಿಂಗಳು ಒಂದು ಹಳೆಯ ಟೇಪ್ ಆರಿಸಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡುತ್ತಾರೆ. ಕಳೆದ ಬಾರಿ ಟೇಪ್ ಸರಿಯಾಗಿಯೇ ಓಡಿತು, ಕ್ಯಾಟಲಾಗೂ ಇತ್ತು. ಮಾಹಿತಿಗೆ ಬೀಗ ಹಾಕುವ ಗೂಢಲಿಪೀಕರಣದ ಪಾಸ್‌ವರ್ಡ್ ಮಾತ್ರ ಕೆಲಸ ಬಿಟ್ಟುಹೋದ ಒಬ್ಬರ ತಲೆಯಲ್ಲಿತ್ತು. ಫೋನ್ ಮಾಡಿ ಕೇಳಿ, ಕಾಗದದ ಮೇಲೆ ಬರೆದು, ತಿಜೋರಿಗೆ ಸೇರಿಸಿದರು.

ನಮಸ್ಕಾರ.