ದೊಡ್ಡಪತ್ರೆ ಬ್ಯಾಕ್ಟೀರಿಯಾ ಕೊಲ್ಲುತ್ತಾ?

[ದೃಶ್ಯ: ಕುಂಡದಲ್ಲಿ ದೊಡ್ಡಪತ್ರೆ ಗಿಡ. ಒಂದು ಎಲೆ ಕೀಳುವ ಕೈ.]

ನಮಸ್ಕಾರ. ಈ ಎಲೆಯನ್ನು ಹಿಸುಕಿ ಮೂಸಿ ನೋಡಿ. ಓಮದ ಕಾಳಿನ ವಾಸನೆ ಅಲ್ವಾ? ಸುಮ್ನೆ ಅಲ್ಲ. ಓಮಕ್ಕೆ ಆ ಘಾಟು ಕೊಡುವುದು ಥೈಮಾಲ್ ಎಂಬ ರಾಸಾಯನಿಕ. ದೊಡ್ಡಪತ್ರೆಯ ಎಣ್ಣೆಯಲ್ಲಿ ಥೈಮಾಲ್ ಕೂಡ ಇದೆ, ಅದರ ಅಣ್ಣತಮ್ಮನಂಥ ಕಾರ್ವಕ್ರಾಲ್ ಕೂಡ ಇದೆ. ಬ್ಯಾಕ್ಟೀರಿಯಾಕ್ಕೆ ಕೊಬ್ಬಿನ ಪೊರೆ ಇರುತ್ತದಲ್ಲ, ಇವು ಅದರೊಳಗೆ ನುಗ್ಗುತ್ತವೆ. ಪೊರೆ ಸೋರತೊಡಗುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ.

[ದೃಶ್ಯ: ಪೆಟ್ರಿ ತಟ್ಟೆ, ನಡುವೆ ಕಾಗದದ ಬಿಲ್ಲೆ.]

ಲ್ಯಾಬಿನಲ್ಲಿ ಇದನ್ನು ನೋಡುವ ವಿಧಾನ ಸರಳ. ಅಗಾರ್ ಎಂಬ ಜೆಲ್ಲಿಯ ಮೇಲೆ ಬ್ಯಾಕ್ಟೀರಿಯಾ ಸವರುತ್ತಾರೆ. ಎಲೆಯ ಸಾರದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆ ಇಡುತ್ತಾರೆ. 37 ಡಿಗ್ರಿಯಲ್ಲಿ ಒಂದು ರಾತ್ರಿ. ಬೆಳಿಗ್ಗೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಬಳೆಯಂಥ ಜಾಗ ಕಂಡರೆ, ಸಾರ ಕೆಲಸ ಮಾಡಿದೆ ಎಂದರ್ಥ. ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ.

ಆದರೆ ಬಳೆ ಚಿಕ್ಕದಿದ್ದರೆ ಸಾರ ದುರ್ಬಲ ಎನ್ನುವ ಹಾಗಿಲ್ಲ. ಅಗಾರ್ ಬಹುಪಾಲು ನೀರು. ಎಣ್ಣೆಯಂಶ ಅದರಲ್ಲಿ ಸರಿಯಾಗಿ ಹರಡುವುದೇ ಇಲ್ಲ. ಜತೆಗೆ, ಸಾರ ತೆಗೆಯಲು ಆಲ್ಕೋಹಾಲ್ ಬಳಸಿದ್ದರೆ, ಕೊಂದಿದ್ದು ಎಲೆಯೋ ಆಲ್ಕೋಹಾಲೋ? ಅದಕ್ಕೇ ಬರೀ ಆಲ್ಕೋಹಾಲ್ ಅದ್ದಿದ ಇನ್ನೊಂದು ಬಿಲ್ಲೆ ಪಕ್ಕದಲ್ಲಿರಲೇಬೇಕು.

ನನಗೆ ಕಿರಿಕಿರಿ ಆಗುವುದು ಇಲ್ಲೇ. 'ಸಂಶೋಧನೆಯಲ್ಲಿ ಸಾಬೀತಾಗಿದೆ, ಕಷಾಯ ಕುಡಿಯಿರಿ' ಅನ್ನುವ ವಾಟ್ಸಾಪ್ ಸಂದೇಶ ಬರುತ್ತದಲ್ಲ, ಲ್ಯಾಬಿನ ಸಾರ ಬೇರೆ, ನಮ್ಮ ಕಷಾಯ ಬೇರೆ. ಕಾರ್ವಕ್ರಾಲ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಕುದಿಸುವಾಗ ಅಡುಗೆಮನೆ ತುಂಬಾ ಘಮ್ ಅನ್ನುತ್ತದಲ್ಲ, ಅದು ಆ ಎಣ್ಣೆ ಹಬೆಯ ಜೊತೆ ಹೊರಟುಹೋಗುವ ವಾಸನೆ!

[ದೃಶ್ಯ: ನೇರಳೆ ದ್ರವ ಹಳದಿಯಾಗುತ್ತದೆ.]

ಈ ಎಲೆಗೆ ಆಂಟಿಆಕ್ಸಿಡೆಂಟ್ ಗುಣ, ಅಂದರೆ ಜೀವಕೋಶಕ್ಕೆ ಹಾನಿ ಮಾಡುವ ಚುರುಕು ಕಣಗಳನ್ನು ತಣಿಸುವ ಗುಣ ಇದೆಯೇ ಎಂಬ ಪರೀಕ್ಷೆ ನೋಡಲು ಇನ್ನೂ ಚಂದ. ಅಂಥದೇ ಕಣಗಳಿರುವ ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಸಾರ ಹಾಕಿದರೆ, ಅವು ತಣಿದಂತೆ ಬಣ್ಣ ಹಳದಿಗೆ ತಿರುಗುತ್ತದೆ. ಎಷ್ಟು ತಿರುಗಿತು ಎಂದು 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ದೊಡ್ಡಪತ್ರೆಯ ರೋಸ್ಮರಿನಿಕ್ ಆಮ್ಲ ಇದನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಡಿಪಿಪಿಎಚ್ ನಮ್ಮ ಮೈಯಲ್ಲಿ ಎಲ್ಲಿಯೂ ಇಲ್ಲ. ಗಾಜಿನ ಕೊಳವೆಯಲ್ಲಿ ಗೆದ್ದದ್ದು ಹೊಟ್ಟೆ, ಲಿವರ್ ದಾಟಿ ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದು ಬೇರೆಯೇ ಲೆಕ್ಕ.

ಹಾಗಾಗಿ ಸೋಂಕಿಗೆ ಡಾಕ್ಟರು ಬರೆದುಕೊಟ್ಟ ಆಂಟಿಬಯಾಟಿಕ್ ನಿಲ್ಲಿಸಿ ಎಲೆ ಅಗಿಯಬೇಡಿ. ಮಗುವಿನ ಶೀತಕ್ಕೆ ಎಲೆ ಬಾಡಿಸಿ ರಸ ಹಿಂಡಿ ಜೇನು ಸೇರಿಸುತ್ತೀರಾ? ಒಂದು ವರ್ಷ ತುಂಬದ ಕೂಸಿಗೆ ಜೇನು ಬೇಡವೇ ಬೇಡ.

ತಂಬುಳಿಗೇನೂ ಅಡ್ಡಿಯಿಲ್ಲ. ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಕಾಯಿ, ಜೀರಿಗೆ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ. ನೀರಿಗೆ ಒಗ್ಗದ ಆ ಘಮ ತುಪ್ಪಕ್ಕೆ ಚೆನ್ನಾಗಿ ಒಗ್ಗುತ್ತದೆ.