ಫೋಟೋ ಹಾಕಿದ ಮೇಲೆ ಮಾತು ಹುಟ್ಟಬೇಕು

ಕೇಳುಗರಿಗೆ ನಮಸ್ಕಾರ.

ಹಂಪಿಯ ಕಲ್ಲಿನ ರಥ ನಿಮಗೆಲ್ಲ ಗೊತ್ತು. ಹಂಪಿಗೆ ಹೋಗದವರಿಗೂ ಗೊತ್ತು, ಯಾಕೆಂದರೆ 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಇರುವುದು ಅದೇ. ಇನ್‌ಸ್ಟಾಗ್ರಾಂ ತೆರೆದರೆ ಆ ರಥದ ಫೋಟೋಗಳಿಗೆ ಲೆಕ್ಕವಿಲ್ಲ. ಸಂಜೆ ಬಿಸಿಲು, ಹೊಂಬಣ್ಣದ ಕಲ್ಲು, ಹಿಂದೆ ನೀಲಿ ಆಕಾಶ. ಚೆನ್ನಾಗಿಯೇ ಇರುತ್ತವೆ. ನೋಡಿದವರು ಒಂದು ಲೈಕ್ ಒತ್ತಿ ಮುಂದೆ ಹೋಗುತ್ತಾರೆ.

ಅದೇ ರಥದ ಒಂದು ಹಳೆಯ ಫೋಟೋ ಇದೆ. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯಲ್ಲಿ ತೆಗೆದದ್ದು. ಆಗ ಫಿಲ್ಮ್ ಇರಲಿಲ್ಲ. ಮೇಣ ಹಿಡಿಸಿದ ಕಾಗದವೇ ನೆಗೆಟಿವ್. ಆ ಫೋಟೋದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಇದೆ! ಈಗ ಹೋದರೆ ಅದು ಕಾಣುವುದಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅಲ್ಲೇ ಕ್ಯಾಮೆರಾ ಇಟ್ಟು ಅವೇ ನೋಟಗಳನ್ನು ಮತ್ತೆ ತೆಗೆದರು.

ಹಳೆಯದು ಒಂದು, ಈಗಿನದು ಒಂದು. ಎರಡನ್ನೂ ಅಕ್ಕಪಕ್ಕ ಇಟ್ಟು, 'ನೋಟಿನ ಮೇಲಿರುವ ಈ ರಥದಲ್ಲಿ ಏನು ಕಾಣೆಯಾಗಿದೆ?' ಅಂತ ಕೇಳಿ ನೋಡಿ. ಜನ ಸುಮ್ನೆ ದಾಟಿ ಹೋಗುವುದಿಲ್ಲ. ಹಿಗ್ಗಿಸಿ ನೋಡುತ್ತಾರೆ, ಗೆಳೆಯರಿಗೆ ಕಳಿಸುತ್ತಾರೆ, 'ನಮ್ಮ ತಾತ ಹೇಳ್ತಿದ್ರು' ಅಂತ ಶುರು ಮಾಡುತ್ತಾರೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆಯೇ. ಕ್ಯಾಮೆರಾ ಹಿಡಿದ ಎಷ್ಟೋ ಹುಡುಗ ಹುಡುಗಿಯರು, ಊರಿನ ಸ್ಟುಡಿಯೋ ನಡೆಸುವವರು, ಮದುವೆ ಫೋಟೋ ತೆಗೆಯುವವರು ಒಂದೇ ಮಾತು ಹೇಳುತ್ತಾರೆ: 'ಸರ್, ಫೋಟೋ ಚೆನ್ನಾಗಿದೆ ಅಂತಾರೆ, ಆದ್ರೆ ಯಾರೂ ಮಾತಾಡಲ್ಲ.' ಅವರ ಪುಟ ನೋಡಿದರೆ ಫೋಟೋದಲ್ಲಿ ಕೊರತೆ ಏನೂ ಕಾಣುವುದಿಲ್ಲ. ಆದರೆ ನೋಡುವವರಿಗೆ ಅಲ್ಲಿ ಹೇಳಲು ಏನೂ ಉಳಿದಿರುವುದಿಲ್ಲ. ತಮಗೆ ಗೊತ್ತಿರುವುದನ್ನು ಹೇಳಲು ಜಾಗ ಸಿಕ್ಕಾಗ ಮಾತ್ರ ಜನ ಬಾಯಿ ಬಿಡುತ್ತಾರೆ. ಆ ಜಾಗವನ್ನು ನೀವು ಬಿಟ್ಟುಕೊಡಬೇಕು.

ಹಳೆ ಫೋಟೋ, ಹೊಸ ಫೋಟೋ ಜೋಡಿಯನ್ನೇ ಮೊದಲು ಪ್ರಯತ್ನಿಸಿ. ಹಂಪಿಯೇ ಬೇಕಿಲ್ಲ. ನಿಮ್ಮೂರಿನ ಬಸ್ ಸ್ಟ್ಯಾಂಡ್, ಸಂತೆ ಮಾಳ, ಶಾಲೆಯ ಮುಂದಿನ ಆಲದ ಮರ, ಕೆರೆ ಏರಿ, ಯಾವುದಾದರೂ ಸರಿ. ಯಾರದೋ ಮನೆಯ ಆಲ್ಬಮ್‌ನಲ್ಲಿ ಹಳೆಯ ಫೋಟೋ ಇದ್ದೇ ಇರುತ್ತದೆ. ಅವರನ್ನು ಕೇಳಿ ಪಡೆಯಿರಿ. ಆಮೇಲೆ ಜಾಗ ಹುಡುಕುವ ಕೆಲಸ. ಇದರಲ್ಲಿ ಒಂದು ಸೂಕ್ಷ್ಮವಿದೆ. ಲೆನ್ಸ್ ಬದಲಿಸಿದರೆ, ಜೂಮ್ ಮಾಡಿದರೆ ಹಳೆಯ ನೋಟ ಸಿಗುವುದಿಲ್ಲ, ನೀವು ನಿಂತ ಜಾಗ ಸರಿಯಿರಬೇಕು. ಹಳೆಯ ಫೋಟೋದಲ್ಲಿ ಮುಂದೆ ಒಂದು ಕಂಬ, ಹಿಂದೆ ಗುಡ್ಡದ ತುದಿ ಇದೆ ಅಂದುಕೊಳ್ಳಿ. ತುದಿ ಕಂಬದ ಎಡಕ್ಕಿದೆಯೋ ಬಲಕ್ಕಿದೆಯೋ, ನಡುವೆ ಎಷ್ಟು ಸಂದು ಇದೆ, ನೋಡಿಕೊಳ್ಳಿ. ಆ ಸಂದು ಅಷ್ಟೇ ಆಗುವವರೆಗೆ ಹೆಜ್ಜೆ ಹೆಜ್ಜೆಯಾಗಿ ಪಕ್ಕಕ್ಕೆ ಸರಿಯುತ್ತಾ ಹೋಗಿ. ಇಂಥ ಇನ್ನೊಂದು ಜೋಡಿ ಗುರುತು ಹೊಂದಿಕೆಯಾದರೆ ಸರಿಯಾದ ಜಾಗಕ್ಕೆ ಬಂದಿರಿ ಅಂತಲೇ ಅರ್ಥ. ನೆರಳು ಯಾವ ಕಡೆ ಬಿದ್ದಿದೆ ಅನ್ನುವುದು, ಬೆಳಗ್ಗೆಯೋ ಸಂಜೆಯೋ ಅಂತಲೂ ಹೇಳಿಬಿಡುತ್ತದೆ. ನೀವು ಹೀಗೆ ಜಾಗ ಹುಡುಕುವುದನ್ನೇ ಫೋನಿನಲ್ಲಿ ವಿಡಿಯೋ ಮಾಡಿಸಿಕೊಳ್ಳಿ. ಅದೇ ಒಂದು ರೀಲ್ ಆಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಈಗಿನ ಫೋಟೋಗ್ರಾಫರ್‌ಗಳ ಕೆಲಸವನ್ನು ಅವರ ಒಪ್ಪಿಗೆ ಇಲ್ಲದೆ ಎತ್ತಿ ಹಾಕಬೇಡಿ. ಹೆಸರು ಬರೆದ ಮಾತ್ರಕ್ಕೆ ಒಪ್ಪಿಗೆ ಸಿಕ್ಕ ಹಾಗಲ್ಲ.

ಹಂಪಿಯ ಮಾತು ಬಂದಾಗ ಇನ್ನೊಂದನ್ನು ಹೇಳದೆ ಇರಲಾರೆ. ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ಒಂದು ಕತ್ತಲೆ ಜಾಗ ಇದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು, ಮುಂದಿನ ರಾಜಗೋಪುರ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಬೆಳಕು ನೇರವಾಗಿ ಸಾಗುತ್ತದೆ, ಅಲ್ವಾ? ಗೋಪುರದ ತುದಿಯಿಂದ ಹೊರಟ ಬೆಳಕು ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ ಬೀಳುತ್ತದೆ. ನಮ್ಮ ಕೈಯಲ್ಲಿರುವ ಕ್ಯಾಮೆರಾ ನಡೆಯುವುದೂ ಇದೇ ಲೆಕ್ಕದಲ್ಲಿ. ಗೋಪುರವನ್ನು ಮೊದಲು ತೋರಿಸಿ, ಕಿಂಡಿಯನ್ನು ತೋರಿಸಿ, ಕೊನೆಗೆ ಗೋಡೆ. ಅರ್ಧ ನಿಮಿಷ ಸಾಕು. ಆಮೇಲೆ ರಟ್ಟಿನ ಡಬ್ಬಕ್ಕೆ ಸೂಜಿಯಲ್ಲಿ ತೂತು ಮಾಡಿ, ಎದುರು ಬದಿಗೆ ಬೆಣ್ಣೆ ಕಾಗದ ಅಂಟಿಸಿ, ಮನೆಯಲ್ಲೇ ಇದನ್ನು ಮಾಡಿ ತೋರಿಸಿ. ಮಕ್ಕಳಿರುವ ಮನೆಯವರು ಮಾಡಿ ನೋಡಿ ನಿಮಗೆ ಫೋಟೋ ಕಳಿಸುತ್ತಾರೆ. ತಮ್ಮ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿಕೊಡುವ ಫೋಟೋಗ್ರಾಫರ್‌ಗಳು ಕನ್ನಡದಲ್ಲಿ ಇನ್ನೂ ಜಾಸ್ತಿ ಬೇಕು ಅನ್ನುವುದು ನನ್ನ ಆಸೆ.

ಇನ್ನು ಮನುಷ್ಯರ ಫೋಟೋ. ನ್ಯೂಯಾರ್ಕಿನ ಬ್ರಾಂಡನ್ ಸ್ಟಾಂಟನ್ ಹೆಸರು ಕೇಳಿರಬಹುದು. 2010ರಲ್ಲಿ ಅವರು ಆ ನಗರದ 10,000 ಜನರ ಫೋಟೋ ತೆಗೆದು ಒಂದು ನಕಾಶೆಯ ಮೇಲೆ ಜೋಡಿಸಬೇಕು ಅಂತ ಹೊರಟರು. ಹೋಗ್ತಾ ಹೋಗ್ತಾ, ಎದುರಿಗಿದ್ದವರು ಆಡಿದ ಮಾತುಗಳನ್ನೇ ಫೋಟೋ ಕೆಳಗೆ ಬರೆಯಲು ಶುರು ಮಾಡಿದರು. 'ಹ್ಯೂಮನ್ಸ್ ಆಫ್ ನ್ಯೂಯಾರ್ಕ್' ಲೋಕವೆಲ್ಲ ತಿರುಗಿ ನೋಡುವಂತಾದದ್ದು ಆ ಮಾತುಗಳಿಂದ.

ನಮ್ಮ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ತೆಗೆದುಕೊಳ್ಳಿ. ಕಾರ್ತಿಕ ಮಾಸದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ರಸ್ತೆ ತುಂಬ ಕಡಲೆಕಾಯಿ ರಾಶಿ. ಕ್ಯಾಮೆರಾ ತಂದವರೆಲ್ಲ ರಾಶಿಯನ್ನೇ ತೆಗೆಯುತ್ತಾರೆ. ನೀವು ಒಬ್ಬ ಮಾರುವವರ ಹತ್ತಿರ ಕೂತುಕೊಳ್ಳಿ. ಮೊದಲು ಒಂದಿಷ್ಟು ಕಡಲೆಕಾಯಿ ಕೊಂಡುಕೊಳ್ಳಿ, ಮಾತಾಡಿಸಿ. ಸೇರು ತುಂಬಿ ಗೋಪುರವಾಗಿ ನಿಂತ ಕಡಲೆಕಾಯಿ, ಅದನ್ನು ಚೀಲಕ್ಕೆ ಸುರಿಯುವಾಗ ಕೈ ಅಡ್ಡ ಹಿಡಿಯುವ ರೀತಿ, ಸುರಿದ ಮೇಲೆ ಕೊಸರು ಅಂತ ಹಾಕುವ ಒಂದು ಹಿಡಿ, ಉಗುರಿನ ಸಂದಿಯ ಕೆಂಪು ಮಣ್ಣು. ಇಷ್ಟನ್ನು ಬಿಡಿ ಬಿಡಿಯಾಗಿ ತೆಗೆಯಿರಿ. ಕೊನೆಗೆ ಅವರ ಮುಖ. ಎಲ್ಲವನ್ನೂ ಒಂದೇ ಪೋಸ್ಟಿನಲ್ಲಿ ಸಾಲಾಗಿ ಇಡಿ. ಯಾವ ಊರಿಂದ ಬಂದರು, ಈ ಸಲ ಮಳೆ ಹೇಗಿತ್ತು, ರಾತ್ರಿ ಎಲ್ಲಿ ಮಲಗುತ್ತಾರೆ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಕೋಲಾರದ ಕನ್ನಡ ಆದರೆ ಕೋಲಾರದ ಕನ್ನಡ, ಹುಬ್ಬಳ್ಳಿಯದಾದರೆ ಹುಬ್ಬಳ್ಳಿಯದು. ತಿದ್ದಿ ನುಣ್ಣಗೆ ಮಾಡಬೇಡಿ. ಫೋಟೋ ಹಾಕುವ ಮುಂಚೆ ಅವರಿಗೆ ತೋರಿಸಿ ಒಪ್ಪಿಗೆ ಕೇಳಿ. 'ಬೇಡ' ಅಂದರೆ ಅಲ್ಲಿಗೆ ಬಿಡಿ.

ಊರಿನ ಸ್ಟುಡಿಯೋ ಇಟ್ಟವರಿಗೆ ವಿಶೇಷವಾಗಿ ಒಂದು ಮಾತು. ನಿಮ್ಮ ಹತ್ತಿರ ಇರುವ ಖಜಾನೆ ಬೇರೆಯವರಿಗೆ ಸಿಗುವುದಿಲ್ಲ. ಬೀರುವಿನಲ್ಲಿ ಹಳೆಯ ನೆಗೆಟಿವ್ ಇವೆಯಲ್ಲ, ಹೊರಗೆ ತೆಗೆಯಿರಿ. ಸ್ಕ್ಯಾನರ್ ಇಲ್ಲದಿದ್ದರೂ ಪರವಾಗಿಲ್ಲ. ಟ್ಯಾಬ್‌ನಲ್ಲಿ ಪೂರ್ತಿ ಬಿಳಿ ಪರದೆ ಬರುವಂತೆ ಮಾಡಿ. ನೆಗೆಟಿವ್ ಅನ್ನು ಪರದೆಗೆ ಒತ್ತಿ ಇಡಬೇಡಿ, ಸ್ವಲ್ಪ ಮೇಲೆ ಎತ್ತಿ ಹಿಡಿಯಿರಿ, ಇಲ್ಲದಿದ್ದರೆ ಪರದೆಯ ಚುಕ್ಕಿಗಳೂ ಬರುತ್ತವೆ. ಕೋಣೆ ಕತ್ತಲೆ ಮಾಡಿ, ಹತ್ತಿರದಿಂದ ತೆಗೆದು, ಎಡಿಟಿಂಗ್ ಆ್ಯಪ್‌ನಲ್ಲಿ ಬಣ್ಣ ತಿರುಗಿಸಿದರೆ ಫೋಟೋ ಸಿದ್ಧ. ಕಪ್ಪು ಬಿಳುಪಿನ ನೆಗೆಟಿವ್‌ಗೆ ಇದು ಸುಲಭ, ಕಲರ್ ಆದರೆ ಕಿತ್ತಳೆ ಛಾಯೆ ತೆಗೆಯಲು ಸ್ವಲ್ಪ ಒದ್ದಾಡಬೇಕು. ಆ ಮನೆಯವರನ್ನು ಕೇಳಿ ಹಾಕಿ. ಹಿಂದೆ ಬಣ್ಣದ ಪರದೆ, ಸ್ಟೂಲ್ ಮೇಲೆ ಕೂರಿಸಿದ ಮಗು, ಪಕ್ಕದಲ್ಲಿ ಕೈಕಟ್ಟಿ ನಿಂತ ಅಪ್ಪ. ಊರು ಬಿಟ್ಟು ಬೆಂಗಳೂರು, ದುಬೈ, ಅಮೆರಿಕ ಅಂತ ಹೋದವರೆಲ್ಲ ಆ ಪೋಸ್ಟಿಗೆ ಬಂದು, 'ಅಯ್ಯೋ, ಇದೇ ಪರದೆ ಮುಂದೆ ನಮ್ಮದೂ ಒಂದು ಫೋಟೋ ಇದೆ' ಅನ್ನುತ್ತಾರೆ.

ಮದುವೆ ಫೋಟೋ ತೆಗೆಯುವವರು ಗಂಡು ಹೆಣ್ಣಿನ ಪೋಸ್ ಒಂದನ್ನೇ ಹಾಕುತ್ತಿರುತ್ತಾರೆ. ಧಾರೆಯ ಹೊತ್ತಿನಲ್ಲಿ ಒಂದರ ಮೇಲೊಂದು ಬಂದ ಕೈಗಳು, ಬೆಳಗಿನ ಜಾವ ಒಲೆ ಮುಂದೆ ನಿಂತ ಅಡುಗೆ ಭಟ್ಟರು, ಇವನ್ನೂ ಹಾಕಬಹುದು. ಇಲ್ಲೂ ಎರಡೂ ಮನೆಯವರ ಒಪ್ಪಿಗೆ ಬೇಕು. ಮಕ್ಕಳ ಫೋಟೋ ಆದರೆ ಇನ್ನೂ ಎಚ್ಚರ.

ಕಾಡು, ಹಕ್ಕಿ ಅಂತ ಅಲೆಯುವವರಿಗೆ: ಗೂಡಿನ ಫೋಟೋ ಹಾಕಿ ಜಾಗದ ಹೆಸರು ಹಾಕಬೇಡಿ. ಹಾಕಿದರೆ ಮರುದಿನವೇ ಅಲ್ಲಿ ಜನ ಸೇರಬಹುದು, ತಾಯಿ ಹಕ್ಕಿ ಹೆದರಿ ಗೂಡು ಬಿಟ್ಟು ಹೋಗಬಹುದು. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋದ ಒಳಗೇ ಆ ಜಾಗದ ವಿವರ ಸೇರಿರುತ್ತದೆ ಅನ್ನುವುದೂ ನೆನಪಿರಲಿ. ಕಮೆಂಟ್ ಬರಲಿ ಅಂತ ಒಂದು ಜೀವಕ್ಕೆ ತೊಂದರೆ ಕೊಡುವುದನ್ನು ನಾನು ಒಪ್ಪಲಾರೆ.

ಇನ್ನು ತಾಂತ್ರಿಕ ವಿಷಯ ಸ್ವಲ್ಪ. ಇನ್‌ಸ್ಟಾಗ್ರಾಂ ಫೋಟೋ ಹಂಚುವ ಆ್ಯಪ್ ಆಗಿ ಈಗ ಉಳಿದಿಲ್ಲ ಅಂತ ಅದರ ಮುಖ್ಯಸ್ಥ ಆಡಂ ಮೊಸ್ಸೆರಿ 2021ರಲ್ಲೇ ಹೇಳಿದರು. ಆಗ ಎಷ್ಟೋ ಫೋಟೋಗ್ರಾಫರ್‌ಗಳಿಗೆ ಬೇಸರವಾಯಿತು. ಆದರೆ ಒಬ್ಬರು ಇನ್ನೊಬ್ಬರಿಗೆ ಕಳಿಸುವ ಪೋಸ್ಟ್ ಹೊಸಬರನ್ನು ಜಾಸ್ತಿ ಮುಟ್ಟುತ್ತದೆ ಅಂತಲೂ ಅವರೇ ಹೇಳಿದ್ದಾರೆ. ಹಾಗಾಗಿ ಪೋಸ್ಟ್ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಯಾರು, ಯಾರಿಗೆ ಕಳಿಸುತ್ತಾರೆ? ಮಗಳು ಅಮ್ಮನಿಗೆ ಕಳಿಸುತ್ತಾಳಾ? ಹಳೆಯ ಸಹಪಾಠಿಗಳ ಗ್ರೂಪಿಗೆ ಹೋಗುತ್ತದಾ? ಉತ್ತರ ಹೊಳೆದರೆ ಕ್ಯಾಪ್ಷನ್ ಏನು ಬರೆಯಬೇಕು ಅನ್ನುವುದೂ ಹೊಳೆಯುತ್ತದೆ. ಆಕಾರ ಉದ್ದವಾಗಿರಲಿ. ಅಗಲ 4 ಪಾಲಾದರೆ ಎತ್ತರ 5 ಪಾಲು. ಫೋನಿನ ಪರದೆ ಚೆನ್ನಾಗಿ ತುಂಬುತ್ತದೆ. ಹ್ಯಾಶ್‌ಟ್ಯಾಗ್ ರಾಶಿ ಹಾಕುವುದರಿಂದ ಲಾಭವಿಲ್ಲ, ಊರಿನ ಹೆಸರು, ವಿಷಯದ ಹೆಸರು ಸಾಕು.

'ಹೇಗಿದೆ?' ಅಂತ ಮಾತ್ರ ಕೇಳಬೇಡಿ. 'ಚೆನ್ನಾಗಿದೆ' ಅನ್ನುವುದಕ್ಕಿಂತ ಹೆಚ್ಚಿನ ಉತ್ತರ ಅದಕ್ಕೆ ಸಿಗುವುದಿಲ್ಲ. 'ಈ ಟಾಕೀಸಿನಲ್ಲಿ ನೀವು ನೋಡಿದ ಕೊನೆಯ ಸಿನಿಮಾ ಯಾವುದು?' ಅಂತ ಕೇಳಿ. 'ಈ ಬಾವಿ ನೀರು ಸೇದಿದವರು ಯಾರಾದರೂ ಇದ್ದೀರಾ?' ಅಂತ ಕೇಳಿ.

ಉತ್ತರ ಬಂದಾಗ ನೀವು ಅಲ್ಲಿರಬೇಕು. ಸುಮ್ನೆ ಕೈಮುಗಿದ ಚಿತ್ರ ಹಾಕಿ ಮುಗಿಸಬೇಡಿ. 'ಆ ಬಾವಿ ತೋಡಿಸಿದ್ದು ನಮ್ಮ ಮುತ್ತಜ್ಜ' ಅಂತ ಒಬ್ಬರು ಬರೆದರೆ, ಯಾವಾಗ, ಯಾಕೆ ಅಂತ ಮರುಪ್ರಶ್ನೆ ಹಾಕಿ. ಅವರು ಒಪ್ಪಿದರೆ ಅವರ ಮನೆಗೆ ಹೋಗಿ, ಮನೆಯ ಹಿರಿಯರನ್ನು ಬಾವಿ ಕಟ್ಟೆಯ ಹತ್ತಿರ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ಮುಂದಿನ ವಾರದ ಪೋಸ್ಟ್ ಅದೇ.

ನಮಸ್ಕಾರ.